ನಮ್ಮ ಮನೆಯ ಸರದಿ

ಕಳೆದ ಡಿಸೆಂಬರಿನ ಕೊನೆಯ ವಾರ. ಸಕಲೇಶಪುರದಿಂದ ಹಾನುಬಾಳಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿರುವ ನಮ್ಮ ಎಂಟು ಎಕರೆ ತೋಟದಲ್ಲಿ ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿತ್ತು. ಕಣದಲ್ಲಿ ಹರಡಿದ್ದ ಹಣ್ಣಿನ ಹುಳಿವಾಸನೆ ಮಂಜಿನೊಂದಿಗೆ ಮನೆಯೊಳಗೂ ನುಗ್ಗುತ್ತಿತ್ತು. ನಾನು ಹಾಸನದಿಂದ ಅಮ್ಮನನ್ನು ನೋಡಲು ಬಂದಿದ್ದೆ. ಅಣ್ಣನ ಸಂಸಾರ ಸಿಂಗಪುರದಿಂದ ಬಂದಿತ್ತು. ಬೆಳಿಗ್ಗೆ ಆರಕ್ಕೆ ಜಗುಲಿಯಲ್ಲಿ ನಿಂತರೆ ಇಬ್ಬರು ಹುಡುಗರು ಓಡುವುದು ಕಾಣಿಸುತ್ತಿತ್ತು. ಒಬ್ಬ ಅಣ್ಣನ ಮಗ, ಹದಿನೆಂಟು ವರ್ಷದವನು. ಇನ್ನೊಬ್ಬ ನಮ್ಮ ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ ಹುಡುಗ, ಅವನಿಗಿಂತ ಒಂದು ವರ್ಷ ದೊಡ್ಡವನು. ಗೇಟಿನಿಂದ ಕೆರೆ ಏರಿಯವರೆಗೆ, ಅಲ್ಲಿಂದ ತಿರುಗಿ ಗೇಟಿಗೆ, ಹೀಗೆ ನಾಲ್ಕು ಸುತ್ತು.

ಲೈನ್ ಮನೆಯ ಹುಡುಗನದು ಬಿಳಿಯ ಶೂ. ಅದರ ಅಟ್ಟೆಯನ್ನು ಕಪ್ಪು ದಾರದಲ್ಲಿ ಎರಡು ಬಾರಿ ಹೊಲಿಸಿದ್ದಾನೆ. ಓಟಕ್ಕೆ ಮೊದಲು ಅವನು ಗೇಟಿನ ಪಕ್ಕದಲ್ಲಿ ಅರ್ಧ ಹೂತುಹೋಗಿರುವ ವೀರಗಲ್ಲಿನ ಅಂಚಿಗೆ ಕಾಲಿಟ್ಟು ಲೇಸು ಕಟ್ಟುತ್ತಿದ್ದ. ಕಟ್ಟಿದ ಮೇಲೆ ಅದೇ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಒಂದು ದಿನ ನಾನು ಕಾಫಿ ಲೋಟ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದೆ. ಅವನು ಅಣ್ಣನ ಮಗನನ್ನು ಕೇಳಿದ: "ನಿಮ್ಮಲ್ಲಿ ಸೈನ್ಯಕ್ಕೆ ಸೇರಬೇಕಾದರೆ ಓಟ ಎಷ್ಟು ನಿಮಿಷಕ್ಕೆ ಮುಗಿಸಬೇಕು?"

"ಸೇರುವುದಕ್ಕೆ ಓಟ ಇಲ್ಲ. ವೈದ್ಯಕೀಯ ತಪಾಸಣೆ ಇದೆ. ಆಮೇಲೆ ಎಲ್ಲರನ್ನೂ ತೆಗೆದುಕೊಳ್ಳುತ್ತಾರೆ."

"ಎಲ್ಲರನ್ನೂ?"

"ಎಲ್ಲರನ್ನೂ. ಬೇಡವೆಂದರೂ ಬಿಡುವುದಿಲ್ಲ."

ಲೈನ್ ಮನೆಯ ಹುಡುಗ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಏನೂ ಹೇಳದೆ ಓಡಲು ಶುರುಮಾಡಿದ.

ಸಿಂಗಪುರದಲ್ಲಿ 1967ರಿಂದ ಗಂಡುಮಕ್ಕಳಿಗೆ ರಾಷ್ಟ್ರೀಯ ಸೇವೆ ಕಡ್ಡಾಯ. ಆ ದೇಶ ಸ್ವತಂತ್ರವಾಗಿ ಆಗ ಎರಡೇ ವರ್ಷವಾಗಿತ್ತು. ಹೇಳಿಕೊಳ್ಳುವಂಥ ಸೈನ್ಯ ಇರಲಿಲ್ಲ. ಹದಿನೆಂಟು ತುಂಬಿದವರು ಸೈನ್ಯದಲ್ಲೋ ಪೊಲೀಸಿನಲ್ಲೋ ನಾಗರಿಕ ರಕ್ಷಣಾ ಪಡೆಯಲ್ಲೋ ಎರಡು ವರ್ಷ ಇರಬೇಕು. ಆಮೇಲೂ ಮೀಸಲು ಪಡೆಯವರೆಂದು ವರ್ಷಕ್ಕೆ 40 ದಿನಗಳವರೆಗೆ ಕರೆಯಬಹುದು. ಇದು ಅಲ್ಲಿನ ಪ್ರಜೆಗಳಿಗೆ ಮಾತ್ರ ಇರುವ ಕಟ್ಟುಪಾಡಲ್ಲ. ನಮ್ಮ ಅಣ್ಣನ ಹಾಗೆ ಕೆಲಸದ ಮೇಲೆ ಹೋಗಿ ಕಾಯಂ ನಿವಾಸಿಯಾದವನಿಗೆ ವಿನಾಯಿತಿ ಇದೆ, ಆದರೆ ಅಪ್ಪನ ಆಸರೆಯಲ್ಲಿ ಕಾಯಂ ನಿವಾಸಿಯಾದ ಮಗನಿಗೆ ಇಲ್ಲ. ಹದಿನಾರೂವರೆ ವರ್ಷಕ್ಕೆ ಅವನು ಹೆಸರು ನೋಂದಾಯಿಸಬೇಕು. ಪಿಯುಸಿಗೆ ಸಮನಾದ ಓದೋ ಡಿಪ್ಲೊಮಾವೋ ಮುಗಿಯುವವರೆಗೆ ಸೇವೆಯನ್ನು ಮುಂದೂಡುತ್ತಾರೆ. ವಿಶ್ವವಿದ್ಯಾಲಯ ಮಾತ್ರ ಸೇವೆಯ ನಂತರ.

ನಮ್ಮ ಹುಡುಗನ ಓದು ನವೆಂಬರಿನಲ್ಲಿ ಮುಗಿದಿತ್ತು. ಅಣ್ಣ ಇಲ್ಲಿಗೆ ಬಂದದ್ದು ಅಮ್ಮನನ್ನು ನೋಡಲು ಮಾತ್ರವಲ್ಲ ಎಂದು ಎರಡನೇ ದಿನದ ರಾತ್ರಿಯ ಊಟಕ್ಕೆ ಗೊತ್ತಾಯಿತು. ಮಗನ ಕಾಯಂ ನಿವಾಸವನ್ನು ಬಿಟ್ಟುಕೊಟ್ಟು ಅವನನ್ನು ನೇರವಾಗಿ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಕ್ಕೆ ಕಳಿಸುವುದು ಅವನ ಯೋಚನೆ. ಹಾಗೆ ಬಿಟ್ಟುಕೊಟ್ಟರೆ ಮುಂದೆ ಆ ಹುಡುಗ ಸಿಂಗಪುರದಲ್ಲಿ ಓದಲು, ಕೆಲಸ ಮಾಡಲು ಅರ್ಜಿ ಹಾಕಿದಾಗ ತೊಡಕಾಗುತ್ತದೆ ಎಂದು ಅಲ್ಲಿನ ಸರ್ಕಾರ ಮೊದಲೇ ಹೇಳಿದೆ. "ತೊಡಕಾದರೆ ಆಗಲಿ, ಪ್ರಪಂಚ ದೊಡ್ಡದಿದೆ. ಎರಡು ವರ್ಷ ಯಾಕೆ ಹಾಳು ಮಾಡಿಕೊಳ್ಳಬೇಕು?" ಎಂದ ಅಣ್ಣ.

ಅತ್ತಿಗೆ ಬಡಿಸುತ್ತಿದ್ದವರು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹೇಳಿದರು: "ಹದಿನೆಂಟು ವರ್ಷ ಅಲ್ಲಿನ ನೀರು ಕುಡಿದು ಬೆಳೆದಿದ್ದಾನೆ. ಅವನ ಬೆಂಚಿನಲ್ಲಿ ಕೂತವರೆಲ್ಲ ಹೊರಟಿದ್ದಾರೆ. ಇವನೊಬ್ಬ ಹಾಳಾಗುತ್ತಾನೆಯೇ?"

ಹುಡುಗ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಣ್ಣ ಕೆಟ್ಟವನಲ್ಲ; ನಮ್ಮ ಮನೆಯಲ್ಲಿ ಅವನಷ್ಟು ಲೆಕ್ಕಕ್ಕೆ ನಿಲ್ಲುವ ಮನುಷ್ಯ ಇನ್ನೊಬ್ಬನಿಲ್ಲ. ಅವನು ಹೇಳಿದ್ದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ಆದರೂ ಆ ಮಾತು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಯಾಕೆ ಎಂದು ತಿಳಿಯಲು ಆ ದೇಶದ ಕಥೆಯನ್ನು ಸ್ವಲ್ಪ ಕೆದಕಿ ಓದಿದೆ.

ಅಲ್ಲಿನ ಜನರಲ್ಲಿ 'ಬಿಳಿ ಕುದುರೆ' ಎಂಬ ಮಾತಿದೆ. ದೊಡ್ಡವರ ಮಕ್ಕಳು ಸೇವೆಗೆ ಬಂದಾಗ ಕಡತದಲ್ಲಿ ಹಾಗೆಂದು ಗುರುತು ಹಾಕುತ್ತಾರೆ ಎಂಬ ಪಿಸುಮಾತು ಬಹಳ ಕಾಲ ಇತ್ತು. 2003ರಲ್ಲಿ ಸರ್ಕಾರವೇ ಸಂಸತ್ತಿನಲ್ಲಿ ಅದನ್ನು ಒಪ್ಪಿಕೊಂಡಿತು. ಅಂಥ ವರ್ಗೀಕರಣ ಇತ್ತು, 2000ದಲ್ಲಿ ಕೈಬಿಟ್ಟಿದ್ದೇವೆ, ಅದು ಇದ್ದದ್ದು ಅವರಿಗೆ ವಿಶೇಷ ಸವಲತ್ತು ಸಿಗದಂತೆ ನೋಡಿಕೊಳ್ಳಲು ಎಂದಿತು. ಇರಬಹುದು. ಆದರೆ ಗುರುತು ಹಾಕಿದ ಕಡತವನ್ನು ಕೈಗೆತ್ತಿಕೊಂಡ ಸುಬೇದಾರನ ಕೈ ಒಂದು ಕ್ಷಣ ತಡೆಯದೇ ಇದ್ದೀತೇ?

2005ರಲ್ಲಿ ಮೆಲ್ವಿನ್ ಟ್ಯಾನ್ ಎಂಬ ಹೆಸರಾಂತ ಪಿಯಾನೊ ವಾದಕರ ಪ್ರಕರಣ ಬಂತು. ಹನ್ನೆರಡನೇ ವಯಸ್ಸಿಗೇ ಇಂಗ್ಲೆಂಡಿಗೆ ಸಂಗೀತ ಕಲಿಯಲು ಹೋಗಿ, ಸೇವೆಗೆ ಹಿಂತಿರುಗದೆ, ಅಲ್ಲಿನ ಪ್ರಜೆಯಾದವರು. ತಂದೆತಾಯಿ ಕಟ್ಟಿದ್ದ ಮುಚ್ಚಳಿಕೆ ಹಣ ಮುಟ್ಟುಗೋಲಾಗಿತ್ತು. ದಶಕಗಳ ನಂತರ ಮರಳಿದಾಗ ನ್ಯಾಯಾಲಯ ಹಾಕಿದ ದಂಡ 5,000 ಡಾಲರ್. ಜನ ಸಿಟ್ಟಿಗೆದ್ದರು. ಸರ್ಕಾರ ಮರುವರ್ಷ ಗರಿಷ್ಠ ದಂಡವನ್ನು 10,000ಕ್ಕೆ ಏರಿಸಿತು. ಹದಿಮೂರು ದಾಟಿದ ಹುಡುಗ ದೀರ್ಘಕಾಲ ಹೊರದೇಶಕ್ಕೆ ಹೋಗುವುದಾದರೆ ಪೋಷಕರು ಕಟ್ಟಬೇಕಾದ ಮುಚ್ಚಳಿಕೆಗೂ ಒಂದು ಲೆಕ್ಕ ಬಂತು: 75,000 ಡಾಲರ್ ಅಥವಾ ತಂದೆತಾಯಿಯ ವರ್ಷದ ಒಟ್ಟು ಆದಾಯದ ಅರ್ಧ, ಯಾವುದು ಹೆಚ್ಚೋ ಅದು. ನನಗೆ ಈ ಎರಡನೆಯ ಭಾಗ ಬಹಳ ಹಿಡಿಸಿತು. ದಂಡವನ್ನು ರೂಪಾಯಿಯಲ್ಲಿ ಅಳೆದರೆ ಶ್ರೀಮಂತನಿಗೆ ಅದು ಶುಲ್ಕವಾಗುತ್ತದೆ. ಆದಾಯದ ಪಾಲಿನಲ್ಲಿ ಅಳೆದರೆ ಇಬ್ಬರಿಗೂ ಚುರುಕು ಮುಟ್ಟುತ್ತದೆ.

2011ರ ರಾಷ್ಟ್ರಪತಿ ಚುನಾವಣೆಯಲ್ಲಿ ಈ ವಿಷಯ ಮತ್ತೆ ಬೀದಿಗೆ ಬಂತು. ಮಾಜಿ ರಕ್ಷಣಾ ಸಚಿವ ಟೋನಿ ಟ್ಯಾನ್ ಕಣದಲ್ಲಿದ್ದರು. ಅವರ ಮಗ ವೈದ್ಯಕೀಯ ಸಂಶೋಧನೆಯ ಓದಿಗಾಗಿ ಹನ್ನೆರಡು ವರ್ಷ ಸೇವೆಯನ್ನು ಮುಂದೂಡಿಸಿಕೊಂಡದ್ದು ಹೇಗೆ ಎಂದು ಜನ ಕೇಳಿದರು. ಎಲ್ಲವೂ ಆಗಿನ ನಿಯಮದ ಪ್ರಕಾರವೇ ಆಗಿದೆ, ಬೇರೆಯವರಿಗೂ ಹೀಗೆ ಕೊಟ್ಟಿದ್ದೇವೆ, ಮಗ ಮರಳಿ ಬಂದು ಸೇವೆ ಪೂರೈಸಿದ್ದಾನೆ ಎಂದು ಸಚಿವಾಲಯ ವಿವರ ಕೊಟ್ಟಿತು. ಟೋನಿ ಟ್ಯಾನ್ ಗೆದ್ದರು, ಶೇಕಡ 0.35ರಷ್ಟು ಮತಗಳ ಅಂತರದಲ್ಲಿ. ಸಚಿವಾಲಯದ ವಿವರವನ್ನು ನಾನು ಅನುಮಾನಿಸುವುದಿಲ್ಲ. ನಿಯಮ ಮುರಿಯಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಹನ್ನೆರಡು ವರ್ಷ ಹೊರದೇಶದಲ್ಲಿ ಓದುವ ದಾರಿ ಎಷ್ಟು ಮನೆಗಳ ಅಂಗಳದಿಂದ ಹೊರಡುತ್ತದೆ? ಟ್ಯಾಕ್ಸಿ ಓಡಿಸುವವನ ಮಗನಿಗೂ ಆ ನಿಯಮ ಅನ್ವಯಿಸುತ್ತದೆ, ನಿಜ. ಅದನ್ನು ಬಳಸಿಕೊಳ್ಳುವ ಸಂದರ್ಭವೇ ಅವನಿಗೆ ಬರುವುದಿಲ್ಲ. ಮುಂದೂಡುವುದಕ್ಕೆ ಮೊದಲು ಕೈಯಲ್ಲಿ ನಾಳೆ ಇರಬೇಕು. ತೋಟ, ಸೈಟು, ಒಡವೆಯ ಹಾಗೆ ಅದೂ ಒಂದು ಆಸ್ತಿ. ಅಪ್ಪನಿಂದ ಮಗನಿಗೆ ಬರುತ್ತದೆ.

ಇದನ್ನು ತಿಳಿಯಲು ನಾವು ಹಾಸನದವರು ಸಿಂಗಪುರದವರೆಗೆ ಹೋಗಬೇಕಾಗಿಲ್ಲ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಧರ್ಮದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರು, 300 ರೂಪಾಯಿಯ ಸಾಲಿನವರು, 1,000 ರೂಪಾಯಿಯ ಸಾಲಿನವರು, ಯಾವ ಸಾಲೂ ಇಲ್ಲದೆ ಕಾರಿನಿಂದಿಳಿದು ಒಳಗೆ ಹೋಗುವವರು, ಇಷ್ಟೂ ಜನರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಅಲ್ಲಿ ಸಾಲು ತಪ್ಪಿಸಿದವನು ಇನ್ನೊಬ್ಬನ ಗಂಟೆಗಳನ್ನು ಕದಿಯುತ್ತಾನೆ. ಸೈನ್ಯದ ಸಾಲಿನಲ್ಲಿ ತಪ್ಪಿಸಿಕೊಂಡವನ ಜಾಗದಲ್ಲಿ ನಿಲ್ಲುವುದು ಇನ್ನೊಂದು ಜೀವ.

ಅಮೆರಿಕದವರು ಇದಕ್ಕೆ ಬೆಲೆಯನ್ನೇ ಕಟ್ಟಿದ್ದರು. ಅಂತರ್ಯುದ್ಧದ ಕಾಲದಲ್ಲಿ, 1863ರ ಕಾಯ್ದೆಯಂತೆ, 300 ಡಾಲರ್ ಕಟ್ಟಿದವನು ಆ ಬಾರಿಯ ಕರೆಯಿಂದ ಪಾರಾಗಬಹುದಿತ್ತು, ಇಲ್ಲವೇ ಬದಲಿ ಆಳನ್ನು ಕಳಿಸಬಹುದಿತ್ತು. ಕೂಲಿಯವನ ಒಂದು ವರ್ಷದ ಗಳಿಕೆಗೆ ಹತ್ತಿರದ ಮೊತ್ತ ಅದು. ಆ ಜುಲೈನಲ್ಲಿ ನ್ಯೂಯಾರ್ಕ್ ಹೊತ್ತಿ ಉರಿಯಿತು. ಆ ಸಿಟ್ಟು ದುಡ್ಡು ಕಟ್ಟಿದವರಿಗಿಂತ ಹೆಚ್ಚಾಗಿ ಏನೂ ಅರಿಯದ ಕಪ್ಪು ಜನರ ಮೇಲೆ ತಿರುಗಿತು. ಅವರನ್ನು ಹಾದಿಬೀದಿಯಲ್ಲಿ ಕೊಂದರು, ಅವರ ಅನಾಥಾಲಯಕ್ಕೆ ಬೆಂಕಿ ಇಟ್ಟರು. ಅನ್ಯಾಯದ ಸರಪಳಿ ಯಾವಾಗಲೂ ಕೆಳಕ್ಕೇ ಇಳಿಯುತ್ತದೆ. ನೂರು ವರ್ಷದ ನಂತರ ವಿಯೆಟ್ನಾಂ ಯುದ್ಧದಲ್ಲಿ ಡಾಲರಿನ ಜಾಗಕ್ಕೆ ಕಾಲೇಜಿನ ದಾಖಲಾತಿ ಬಂತು. ಓದುತ್ತಿರುವವನಿಗೆ ಮುಂದೂಡಿಕೆ, ಓದಲಾಗದವನಿಗೆ ಬಂದೂಕು.

ಅಣ್ಣನ ಕಡೆಯ ಮಾತನ್ನೂ ಹೇಳಬೇಕು, ಅವನು ಮರುದಿನ ನನ್ನೊಡನೆ ಕಣದಲ್ಲಿ ಕುಳಿತು ಒಂದು ಗಂಟೆ ವಾದಿಸಿದ್ದಾನೆ. ಮುಂದೂಡಿಕೆಯೆಲ್ಲ ಮೋಸವಲ್ಲ ಎಂದ. ಸಿಂಗಪುರದ ಈಜುಗಾರ ಜೋಸೆಫ್ ಸ್ಕೂಲಿಂಗ್‌ಗೆ 2013ರಲ್ಲಿ ಸೇವೆಯನ್ನು ಮುಂದೂಡಿಕೊಟ್ಟಿದ್ದರಿಂದಲೇ ಅವನು 2016ರ ರಿಯೋ ಒಲಿಂಪಿಕ್ಸಿನಲ್ಲಿ ಮೈಕೆಲ್ ಫೆಲ್ಪ್ಸ್ ಇದ್ದ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಎಂದ. ಒಪ್ಪುತ್ತೇನೆ. ಹಾಸಿಗೆ ಹಿಡಿದ ತಾಯಿ ಇರುವವನಿಗೆ, ಮನೆಗೆ ದುಡಿಯುವವನು ತಾನೊಬ್ಬನೇ ಆದವನಿಗೆ ಕಾಲಾವಕಾಶ ಕೊಡದಿದ್ದರೆ ಅದು ಕಾನೂನೇ ಅಲ್ಲ. ಇನ್ನೊಬ್ಬರ ಯುದ್ಧಕ್ಕೆ ನನ್ನ ಮಗನನ್ನು ಯಾಕೆ ಕಳಿಸಲಿ, ಅವನ ಪಾಸ್‌ಪೋರ್ಟ್ ಭಾರತದ್ದು ಎಂದ. ಆ ಪ್ರಶ್ನೆಗೂ ತೂಕವಿದೆ. ಅದು ಮನಸ್ಸಾಕ್ಷಿಯ ಮಾತಾದರೆ ನಾನು ತಲೆಬಾಗುತ್ತೇನೆ. ಆದರೆ ಅಣ್ಣ ಆ ಮಾತನ್ನು ಹದಿನೆಂಟು ವರ್ಷ ಆಡಲಿಲ್ಲ. ಅಲ್ಲಿನ ಶಾಲೆ, ಆಸ್ಪತ್ರೆ, ಮಧ್ಯರಾತ್ರಿಯಲ್ಲೂ ಹೆಣ್ಣುಮಗಳು ಒಬ್ಬಳೇ ನಡೆದು ಮನೆಗೆ ಬರಬಹುದಾದ ಬೀದಿ, ಇದೆಲ್ಲ ಕೈಗೆ ಬರುವಾಗ ಆ ಊರು ನಮ್ಮದಾಗಿತ್ತು. ಕೊಡುವ ಹೊತ್ತಿಗೆ ಇನ್ನೊಬ್ಬರದಾಯಿತು.

ಕೊನೆಗೆ ಅವನಿಗೆ ಅಪ್ಪನ ನೆನಪು ಮಾಡಿದೆ. ನಮ್ಮ ಅಪ್ಪ ಪಕ್ಕದ ಕೊಡಗಿನ ಕಾರ್ಯಪ್ಪನವರ ವಿಷಯ ಎತ್ತಿದರೆ ಎದ್ದು ಕೂರುತ್ತಿದ್ದರು. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದ ಕೈಗೆ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು, ಬಿಡಿಸಲು ತಯಾರಿದ್ದರು. ತಂದೆ ಬೇಡವೆಂದರು, ಉಳಿದ ಸೆರೆಯಾಳುಗಳನ್ನು ಹೇಗೆ ನೋಡಿಕೊಳ್ಳುತ್ತೀರೋ ಅವನನ್ನೂ ಹಾಗೆಯೇ ನೋಡಿಕೊಳ್ಳಿ ಎಂದರು. ಅಣ್ಣ, "ಅಂಥವರು ನೂರಕ್ಕೊಬ್ಬರು" ಎಂದು ಎದ್ದುಹೋದ.

ಅಣ್ಣನನ್ನು ಹೀಗೆ ನಿಲ್ಲಿಸಿ ಕೇಳಿದ ನಾನು ನನ್ನದನ್ನು ಮುಚ್ಚಿಡುವುದು ಸರಿಯಲ್ಲ. 2018ರ ಮೇ 12ರಂದು ವಿಧಾನಸಭೆ ಚುನಾವಣೆ. ಶಿಕ್ಷಕಿಯಾದ ನನಗೆ ಮತಗಟ್ಟೆಯ ಕೆಲಸದ ಆದೇಶ ಬಂತು. ಹಿಂದಿನ ದಿನವೇ ಮತಯಂತ್ರದೊಂದಿಗೆ ಹೊರಟು, ರಾತ್ರಿ ಅಲ್ಲೇ ಮಲಗಿ, ಮರುದಿನ ತಡರಾತ್ರಿ ಎಲ್ಲ ಒಪ್ಪಿಸಿ ಬರಬೇಕು. ಎರಡು ದಿನದ ಮಾತು. ಮಗಳ ನಿಶ್ಚಿತಾರ್ಥ ಹತ್ತಿರದಲ್ಲಿತ್ತು. ನನಗೆ ಹೋಗಲು ಇಷ್ಟವಿರಲಿಲ್ಲ. ಸೋದರಮಾವನೊಬ್ಬರು ಯಾರಿಗೋ ಫೋನ್ ಮಾಡಿದರು. ಪರಿಚಯದ ವೈದ್ಯರು ಸೊಂಟನೋವೆಂದು ಪ್ರಮಾಣಪತ್ರ ಬರೆದುಕೊಟ್ಟರು. ನನ್ನ ಹೆಸರು ಪಟ್ಟಿಯಿಂದ ಹೋಯಿತು. ಮೀಸಲು ಪಟ್ಟಿಯಲ್ಲಿದ್ದ ಸಹೋದ್ಯೋಗಿಯೊಬ್ಬರ ಹೆಸರು ಆ ಜಾಗಕ್ಕೆ ಬಂತು. ಅವರ ಮಗುವಿಗೆ ಆಗ ಎರಡೂವರೆ ವರ್ಷ.

ಆ ದಿನ ಘಟ್ಟದ ಅಂಚಿನ ಹಳ್ಳಿಯೊಂದರ ಶಾಲೆಯಲ್ಲಿ ಅವರು ರಾತ್ರಿ ಕಳೆದರು. ಮಳೆ ಬಂದು ಕರೆಂಟು ಹೋಗಿತ್ತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮಗುವಿಗೆ ಜ್ವರ ಬಂದ ಸುದ್ದಿ ಅವರಿಗೆ ತಿಳಿದದ್ದು ಮರುದಿನ ರಾತ್ರಿ ಹನ್ನೊಂದಕ್ಕೆ. ಇದನ್ನೆಲ್ಲ ಅವರು ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ನನ್ನ ಮುಂದೆಯೇ ಹೇಳಿಕೊಂಡರು. ನಾನು ಕೇಳಿಸಿಕೊಂಡೆ. "ನಿಮ್ಮ ಸೊಂಟ ಹೇಗಿದೆ?" ಎಂದೂ ಅವರು ಕೇಳಿದರು. ಅಣ್ಣನೊಡನೆ ವಾದವಾದ ಮೇಲೆ, ಈ ಜನವರಿಯಲ್ಲಿ, ಅರಸೀಕೆರೆಯಲ್ಲಿರುವ ಅವರ ಮನೆಗೆ ಹೋಗಿ ನಿಜ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಯಾರ ಬದಲಿಗೆ ಎಂದು ಆಗ ಯಾರೂ ಹೇಳಿರಲಿಲ್ಲ" ಎಂದರು. ನಾನೂ ಯೋಚಿಸಿದೆ. ತಪ್ಪಿಸಿಕೊಳ್ಳುವವನಿಗೆ ತನ್ನ ಜಾಗಕ್ಕೆ ಬರುವವರ ಮುಖ ಕಾಣುವುದಿಲ್ಲ, ಬರುವವರಿಗೆ ತಾವು ಯಾರ ಜಾಗದಲ್ಲಿದ್ದೇವೆಂದು ಗೊತ್ತಾಗುವುದಿಲ್ಲ. ನಡುವೆ ಒಂದು ಕಚೇರಿ, ಒಂದು ಪಟ್ಟಿ, ಒಂದು ಸಹಿ. ಮುಖ ಕಂಡಿದ್ದರೆ ನಾನು ಆ ಪ್ರಮಾಣಪತ್ರ ತರಿಸುತ್ತಿರಲಿಲ್ಲ ಎಂದೇ ನಂಬಿದ್ದೇನೆ.

ಅಣ್ಣನವರು ಹೊರಡುವ ಹಿಂದಿನ ಸಂಜೆ ಅಮ್ಮ ಮೊಮ್ಮಗನನ್ನು ಜಗುಲಿಯಲ್ಲಿ ಕೂರಿಸಿಕೊಂಡು ಬಕಾಸುರನ ಕಥೆ ಹೇಳಿದರು. ಚಿಕ್ಕಂದಿನಲ್ಲಿ ನಾವೆಲ್ಲ ಬಂಡಿ ಅನ್ನದ ಆಸೆಗೆ ಕೇಳುತ್ತಿದ್ದ ಕಥೆ. ಏಕಚಕ್ರನಗರದಲ್ಲಿ ದಿನಕ್ಕೊಂದು ಮನೆಯ ಸರದಿ. ಆ ಮನೆಯಿಂದ ಒಂದು ಬಂಡಿ ಅನ್ನ, ಒಬ್ಬ ಮನುಷ್ಯ. ಕುಂತಿ ಆಶ್ರಯ ಪಡೆದ ಬ್ರಾಹ್ಮಣನ ಮನೆಗೆ ಸರದಿ ಬಂದಾಗ ಒಳಗೆ ಅಳು ಕೇಳಿಸುತ್ತದೆ. ನಾನು ಹೋಗುತ್ತೇನೆ ಎಂದು ಗಂಡ, ನಾನು ಎಂದು ಹೆಂಡತಿ, ನಾನು ಎಂದು ಮಗಳು. ಹುಲ್ಲುಕಡ್ಡಿ ಹಿಡಿದ ಪುಟ್ಟ ಮಗ, ಇದರಲ್ಲೇ ರಾಕ್ಷಸನನ್ನು ಹೊಡೆಯುತ್ತೇನೆ ಎನ್ನುತ್ತಾನೆ. ಮೂಲ ಮಹಾಭಾರತದಲ್ಲಿ ಆ ಬ್ರಾಹ್ಮಣ ಇನ್ನೊಂದು ಮಾತನ್ನೂ ಆಡುತ್ತಾನೆ, ಅಮ್ಮ ಹೇಳದೆ ಬಿಟ್ಟ ಅದನ್ನು ನಾನು ಸೇರಿಸಿದೆ: ಎಲ್ಲಿಂದಲಾದರೂ ಒಬ್ಬ ಮನುಷ್ಯನನ್ನು ಕೊಂಡು ತಂದು ಕಳಿಸೋಣವೆಂದರೆ ನನ್ನಲ್ಲಿ ಹಣವಿಲ್ಲ. ಆ ಕಾಲಕ್ಕೇ ಹಣವಿದ್ದವರ ಮನೆಯಲ್ಲಿ ಸರದಿ ಬಂದ ದಿನ ಏನಾಗುತ್ತಿತ್ತು ಎಂಬುದನ್ನು ಕವಿ ಈ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದಾನೆ.

ಹುಡುಗ ಕೇಳಿದ: "ಅಜ್ಜಿ, ಭೀಮ ಗೆಲ್ಲುತ್ತಾನೆಂದು ಕುಂತಿಗೆ ಗೊತ್ತಿತ್ತಲ್ಲವೇ?"

"ಗೊತ್ತಿತ್ತು. ಆದರೂ ಧರ್ಮರಾಯ ತಾಯಿಯ ಮೇಲೆ ಸಿಟ್ಟಾದ, ಭೀಮನನ್ನು ಯಾಕೆ ಕಳಿಸಿದೆ ಎಂದು."

"ಅವಳು ಏನು ಹೇಳಿದಳು?"

"ಇವರ ಮನೆಯಲ್ಲಿ ಇಷ್ಟು ದಿನ ಉಂಡಿದ್ದೇವೆ ಎಂದಳು."

ಅಣ್ಣ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದನೇನೋ, ಸೂಟ್‌ಕೇಸಿನ ಜಿಪ್ ಎಳೆಯುವ ಸದ್ದು ನಿಂತಿತು.

ಈಗ ಲೈನ್ ಮನೆಯ ಹುಡುಗನ ವಿಷಯ. ಅವನಿಗೆ ಸೈನ್ಯ ಕಟ್ಟುಪಾಡಲ್ಲ, ಕನಸು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷದ ಸೇವೆ, ಅದರ ನಂತರ ಗರಿಷ್ಠ ನಾಲ್ಕರಲ್ಲಿ ಒಬ್ಬರನ್ನು ಉಳಿಸಿಕೊಳ್ಳುತ್ತಾರೆ. ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ. ಅದರಲ್ಲಿ ಪಾಸಾದವರಿಗೆ 1.6 ಕಿಲೋಮೀಟರ್ ಓಟ, ಕಂದಕ ಜಿಗಿತ, ಬಾರ್ ಹಿಡಿದು ಮೈ ಎತ್ತುವುದು. ಅವನು ಒಮ್ಮೆ ಪರೀಕ್ಷೆ ಬರೆದಿದ್ದಾನೆ. ಓಟದವರೆಗೆ ಹೋಗಲು ಆಗಲಿಲ್ಲ. ವಯಸ್ಸಿಗೂ ಮಿತಿ ಇದೆ. ಅಣ್ಣನ ಮಗನ ಕೈಯಲ್ಲಿ ಮುಂದೂಡುವ ನಾಳೆಗಳಿವೆ. ಇವನಿಗೆ ಉಳಿದಿರುವುದು ಕೆಲವೇ ಬೇಸಿಗೆ. ಒಂದು ವರ್ಷ ಅಪ್ಪನಿಗೆ ಹುಷಾರಿಲ್ಲದೆ ತೋಟದ ಕೆಲಸಕ್ಕೆ ನಿಂತರೆ, ನನಗೆ ಮುಂದೂಡಿಕೊಡಿ ಎಂದು ಇವನು ಯಾರನ್ನು ಕೇಳಬೇಕು?

ಅವನು ಕಾಲಿಡುವ ವೀರಗಲ್ಲಿನ ಮೇಲೆ ಅಕ್ಷರ ಉಳಿದಿಲ್ಲ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಎತ್ತಿದವನೊಬ್ಬ, ಅವನ ಹಿಂದೆ ಎರಡು ದನ. ದನ ಬಿಡಿಸಲು ಹೋಗಿ ಸತ್ತವನಿರಬೇಕು. ಇಲ್ಲಿಂದ ದೂರವೇನೂ ಅಲ್ಲ, ಬೇಲೂರು ತಾಲ್ಲೂಕಿನ ಹಲ್ಮಿಡಿ. ಸುಮಾರು ಕ್ರಿ.ಶ. 450ರ ಅಲ್ಲಿನ ಶಾಸನದಲ್ಲಿ ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಬಾಳ್ಗಳ್ಚು ಎಂದು, ಅಂದರೆ ಕತ್ತಿ ತೊಳೆದ ಗೌರವಕ್ಕೆ, ಹಳ್ಳಿಗಳನ್ನು ಬಿಟ್ಟುಕೊಟ್ಟ ಮಾತಿದೆ. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಕೊಡಗೆ ಎಂಬ ಹೆಸರಿತ್ತು. ಎಂಥ ನೇರವಾದ ಪದ! ನೆತ್ತರು ಯಾರದು, ಕೊಡುಗೆ ಯಾರಿಗೆ ಎಂಬ ಲೆಕ್ಕವನ್ನು ಆ ಜನ ಊರ ಮುಂದೆ ಕಲ್ಲಿನಲ್ಲೇ ಬರೆದಿಡುತ್ತಿದ್ದರು.

ಮೊನ್ನೆ ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲಿಗೆಂದು ಮತ್ತೆ ತೋಟಕ್ಕೆ ಹೋಗಿದ್ದೆ. ಸಂಜೆ ಹಣ್ಣು ಅಳೆಯುವಾಗ ಆ ಹುಡುಗ ಮೂಟೆ ಇಳಿಸಿ ನನ್ನ ಬಳಿ ಬಂದ. ಕೈಗೆಲ್ಲ ಕಾಫಿಯ ಅಂಟು ಮೆತ್ತಿತ್ತು. ಅಣ್ಣನ ಮಗನಿಗೆ ಸೇರಬೇಕಾದ ದಿನಾಂಕ ಬಂದಿದೆ, ಮನೆಯಲ್ಲಿ ಇನ್ನೂ ಮಾತುಕತೆ ನಡೆಯುತ್ತಿದೆ ಎಂದು ಅತ್ತಿಗೆ ಹಿಂದಿನ ದಿನವಷ್ಟೇ ಫೋನಿನಲ್ಲಿ ಹೇಳಿದ್ದರು.

"ಅವನು ಹೋದನೇ ಮೇಡಂ, ಎಲ್ಲರನ್ನೂ ತೆಗೆದುಕೊಳ್ಳುವ ಕಡೆಗೆ?"

"ಇನ್ನೂ ಇಲ್ಲ. ತೀರ್ಮಾನ ಆಗಿಲ್ಲ."

"ಯಾವುದರ ತೀರ್ಮಾನ?" ಎಂದು ಕೇಳಿದ.

ನಾನು ಉತ್ತರ ಹುಡುಕುವಷ್ಟರಲ್ಲಿ ಮೇಸ್ತ್ರಿ ಕರೆದರು. ಅವನು ಮುಂದಿನ ಮೂಟೆಗೆ ಹೆಗಲು ಕೊಟ್ಟ.